ಅಂಕದಿಂದ ಎಸ್‌ಜಿಪಿಎವರೆಗೆ: ನಾನು ಲೆಕ್ಕ ಹಾಕುವ ಬಗೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ, ಮೆಂಟರ್ ಆಗಿ ಒಂದಷ್ಟು ವಿದ್ಯಾರ್ಥಿಗಳ ಅಂಕಗಳನ್ನು ನೋಡಿಕೊಳ್ಳುವ ಹೊಣೆಯೂ ಇದೆ. ಸೆಮಿಸ್ಟರ್ ಪರೀಕ್ಷೆಗೆ ಮೊದಲೇ ಯಾವ ವಿಷಯದಲ್ಲಿ ಎಷ್ಟು ಬಂದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್, ಎಷ್ಟಾಗುತ್ತದೆ ಎಂದು ಅವರಿಗೆ ತಿಳಿಸಲು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದೇನೆ. ವಿಶ್ವವಿದ್ಯಾಲಯದ 2022ರ ಸ್ಕೀಮಿಗೆ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳಿಗೆ, ಹೊಂದಿಸಿಕೊಂಡಿರುವ ಆ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹಂತದಲ್ಲಿ ಒಂದು ವಿಷಯದ ಒಟ್ಟು ಅಂಕ ಸಿದ್ಧವಾಗಬೇಕು. ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ, ಅಂದರೆ ಸಿಐಇಗೆ, 50 ಅಂಕ; ಸೆಮಿಸ್ಟರ್ ಕೊನೆಯ ಎಸ್‌ಇಇ ಪರೀಕ್ಷೆಗೂ 50 ಅಂಕ. ಆದರೆ ಈ ಪರೀಕ್ಷೆಯನ್ನು ಬರೆಯುವುದು 100 ಅಂಕಗಳಿಗೆ. ಬಂದದ್ದನ್ನು ಅರ್ಧಕ್ಕೆ ಇಳಿಸಿ ಸಿಐಇಗೆ ಕೂಡಿಸಲಾಗುತ್ತದೆ. ಸಿಐಇಯಲ್ಲಿ 42 ಪಡೆದವನಿಗೆ ಒಟ್ಟು 80 ಬೇಕಿದ್ದರೆ ಎಸ್‌ಇಇ ಉತ್ತರಪತ್ರಿಕೆಯಲ್ಲಿ 76 ಬರಬೇಕು. 90 ಬೇಕಿದ್ದರೆ 96 ಬರಬೇಕು. ಕಾಲೇಜಿನಲ್ಲಿ ಕೈಬಿಟ್ಟ ಒಂದೊಂದು ಅಂಕವನ್ನೂ ಕೊನೆಯ ಪರೀಕ್ಷೆಯಲ್ಲಿ ಎರಡೆರಡು ಅಂಕ ತೆತ್ತು ಕೊಳ್ಳಬೇಕೆಂಬುದನ್ನು ಈ ಸಾಲು ತೋರಿಸಿಯೇ ನಾನು ಹುಡುಗರಿಗೆ ಮನವರಿಕೆ ಮಾಡುವುದು. ಉತ್ತೀರ್ಣತೆಯ ಷರತ್ತು ಮೊತ್ತಕ್ಕೆ ಮಾತ್ರ ಸೀಮಿತವಲ್ಲ: ಸಿಐಇಯಲ್ಲಿ ಶೇ. 40, ಎಸ್‌ಇಇಯಲ್ಲಿ ಶೇ. 35, ಎರಡೂ ಸೇರಿ ಶೇ. 40 ಇರಲೇಬೇಕು. ಆದ್ದರಿಂದ ನನ್ನ ಹಾಳೆ ಈ ಮೂರನ್ನೂ ಪರಿಶೀಲಿಸಿದ ಬಳಿಕವೇ ಗ್ರೇಡ್ ತೋರಿಸುತ್ತದೆ.

ಎರಡನೆಯ ಹಂತದಲ್ಲಿ ಅಂಕ ಗ್ರೇಡ್ ಪಾಯಿಂಟ್ ಆಗುತ್ತದೆ. 90 ಮತ್ತು ಮೇಲ್ಪಟ್ಟರೆ 10, 80ರಿಂದ 89ಕ್ಕೆ 9, 70ರಿಂದ 79ಕ್ಕೆ 8, 60ರಿಂದ 69ಕ್ಕೆ 7, 55ರಿಂದ 59ಕ್ಕೆ 6, 50ರಿಂದ 54ಕ್ಕೆ 5, 40ರಿಂದ 49ಕ್ಕೆ 4. ಇಲ್ಲಿ 70 ಪಡೆದವನೂ 79 ಪಡೆದವನೂ ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತಾರೆ. 79ಕ್ಕೂ 80ಕ್ಕೂ ನಡುವಿನ ಒಂದಂಕ ಮಾತ್ರ ಒಂದಿಡೀ ಪಾಯಿಂಟಿನ ಬೆಲೆ ಪಡೆಯುತ್ತದೆ. ಇದು ನ್ಯಾಯವೇ ಎಂಬ ಪ್ರಶ್ನೆ ನನಗೂ ಇದೆ, ಆದರೆ ಲೆಕ್ಕ ನಡೆಯುವುದು ಹೀಗೆ.

ಮೂರನೆಯದು ತೂಕದ ಹಂತ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ, ಅಂದರೆ ಆ ವಿಷಯಕ್ಕೆ ನಿಗದಿಯಾದ ತೂಕದಿಂದ, ಗುಣಿಸಿ, ಗುಣಲಬ್ಧಗಳನ್ನೆಲ್ಲ ಕೂಡಿಸಿ, ಬಂದದ್ದನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ ಸಿಗುತ್ತದೆ. ಮೊದಲ ವರ್ಷದ ಸೆಮಿಸ್ಟರ್ ಒಂದನ್ನು ತೆಗೆದುಕೊಳ್ಳೋಣ. ಗಣಿತಕ್ಕೆ 4 ಕ್ರೆಡಿಟ್, ಪಾಯಿಂಟ್ 8. ಭೌತಶಾಸ್ತ್ರಕ್ಕೆ 4 ಕ್ರೆಡಿಟ್, ಪಾಯಿಂಟ್ 7. ತಲಾ 3 ಕ್ರೆಡಿಟ್‌ನ ಮೂರು ಎಂಜಿನಿಯರಿಂಗ್ ವಿಷಯಗಳಲ್ಲಿ 9, 8 ಮತ್ತು 7. ತಲಾ 1 ಕ್ರೆಡಿಟ್‌ನ ಇಂಗ್ಲಿಷ್, ಕನ್ನಡ ಮತ್ತು ಆರೋಗ್ಯ ವಿಷಯಗಳಲ್ಲಿ 10, 10 ಮತ್ತು 9 ಬಂದಿವೆ ಎನ್ನಿ. ಮೊತ್ತ 32, 28, 72 ಮತ್ತು 29 ಸೇರಿ 161; ಅದನ್ನು 20ರಿಂದ ಭಾಗಿಸಿದರೆ 8.05. ಎಂಟು ಪಾಯಿಂಟ್‌ಗಳನ್ನು ಸುಮ್ಮನೆ ಕೂಡಿಸಿ ಎಂಟರಿಂದ ಭಾಗಿಸಿದ್ದರೆ 8.5 ಬರುತ್ತಿತ್ತು, ಹಗುರ ವಿಷಯಗಳ ಹತ್ತುಗಳು ಭಾರದ ವಿಷಯಗಳ ಕೊರತೆಯನ್ನು ಮುಚ್ಚಿಹಾಕುತ್ತಿದ್ದವು. ಕನ್ನಡದಲ್ಲಿ ಒಂದು ಪಾಯಿಂಟ್ ತಪ್ಪಿದರೆ ಎಸ್‌ಜಿಪಿಎ 0.05 ಇಳಿಯುತ್ತದೆ, ಗಣಿತದಲ್ಲಿ ತಪ್ಪಿದರೆ 0.2 ಇಳಿಯುತ್ತದೆ. ಕನ್ನಡಕ್ಕೆ ಒಂದೇ ಕ್ರೆಡಿಟ್ ಎಂಬುದು ನನಗೆ ಬೇಸರದ ಸಂಗತಿಯೇ ಆದರೂ ಸಲಹೆ ಕೊಡುವಾಗ ಅದನ್ನು ಬದಿಗಿಡುತ್ತೇನೆ. ಮುಂದಿನ ಮೆಟ್ಟಿಲಿಗೆ ಯಾವ ವಿಷಯದಲ್ಲಿ ಕಡಿಮೆ ಅಂಕ ಸಾಕು, ಆ ವಿಷಯದ ಕ್ರೆಡಿಟ್ ಎಷ್ಟು, ಈ ಎರಡನ್ನೂ ಅಕ್ಕಪಕ್ಕದ ಕಾಲಮ್‌ಗಳಲ್ಲಿಟ್ಟರೆ ಓದಿನ ಸಮಯ ಎಲ್ಲಿಗೆ ಹೋಗಬೇಕೆಂಬುದು ವಿದ್ಯಾರ್ಥಿಗೆ ತಾನೇ ಕಾಣುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಈ ಗುಣಿಸಿ ಕೂಡಿಸುವ ಕೆಲಸಕ್ಕೆ ಸಮ್‌ಪ್ರಾಡಕ್ಟ್ ಎಂಬ ಒಂದೇ ಸೂತ್ರ ಸಾಕು. ಎಚ್ಚರ ಬೇಕಾದದ್ದು ಖಾಲಿ ಕೋಶಗಳ ಬಗ್ಗೆ. ಆವರೇಜ್ ಸೂತ್ರ ಖಾಲಿ ಕೋಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಕಿರುಪರೀಕ್ಷೆಗಳಲ್ಲಿ ಒಂದಕ್ಕೆ ಗೈರಾಗಿ ಇನ್ನೊಂದರಲ್ಲಿ 20 ಪಡೆದವನ ಸರಾಸರಿಯನ್ನು ಅದು 10ರ ಬದಲು 20 ಎಂದೇ ತೋರಿಸುತ್ತದೆ. ಆದ್ದರಿಂದ ಗೈರಾದವರಿಗೆ ಸೊನ್ನೆಯನ್ನೇ ಬರೆಯುತ್ತೇನೆ.

ಸಿಜಿಪಿಎ, ಅಂದರೆ ಈವರೆಗಿನ ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿಯ, ಲೆಕ್ಕಕ್ಕೆ ಎಸ್‌ಜಿಪಿಎಗಳ ಸರಾಸರಿ ತೆಗೆಯುವ ರೂಢಿ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಮೊದಲ ಎರಡು ಸೆಮಿಸ್ಟರ್‌ಗಳಿಗೂ ತಲಾ 20 ಕ್ರೆಡಿಟ್ ಇರುವುದರಿಂದ ಅಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ, ನಂಬಿಕೆ ಗಟ್ಟಿಯಾಗುವುದೂ ಅಲ್ಲಿಯೇ. ಆದರೆ 20 ಕ್ರೆಡಿಟ್‌ಗೆ 8.05, 24 ಕ್ರೆಡಿಟ್‌ಗೆ 9.00 ಇದ್ದರೆ 161 ಮತ್ತು 216ನ್ನು ಕೂಡಿಸಿ 44ರಿಂದ ಭಾಗಿಸಬೇಕು: 8.57. ಬರಿಯ ಸರಾಸರಿ 8.53ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಪ್ರತಿ ಸೆಮಿಸ್ಟರ್‌ನ ಎಸ್‌ಜಿಪಿಎ ಜೊತೆಗೆ ಗುಣಲಬ್ಧದ ಮೊತ್ತವನ್ನೂ ಕ್ರೆಡಿಟ್ ಮೊತ್ತವನ್ನೂ ಉಳಿಸಿಕೊಳ್ಳುತ್ತೇನೆ. ದಶಮಾಂಶವನ್ನು ಎರಡು ಸ್ಥಾನಕ್ಕೆ ಇಳಿಸುವುದು ಕೊನೆಯ ಉತ್ತರದಲ್ಲಿ ಮಾತ್ರ.