ಸುವಾಸನೆಯ ಕ್ಯಾಂಡಲ್: ಕೊನೆಯ ಅರ್ಧ ಇಂಚು ಉರಿಸಬೇಡಿ

ಗಾಜಿನ ಲೋಟದಲ್ಲಿ ಬರುವ ಸುವಾಸನೆಯ ಕ್ಯಾಂಡಲ್ ನಮ್ಮ ಮನೆಗೆ ಹೆಚ್ಚಾಗಿ ಉಡುಗೊರೆಯಾಗಿಯೇ ಬರುತ್ತದೆ. ದೀಪಾವಳಿ ಬಂತೆಂದರೆ ಇನ್ನೂ ಜಾಸ್ತಿ. ಬಹಳ ಮನೆಗಳಲ್ಲಿ ಅದು ಷೋಕೇಸ್ ಸೇರಿ ಧೂಳು ಹಿಡಿಯುತ್ತದೆ. ನಾನು ಎಲ್ಲವನ್ನೂ ಉರಿಸುತ್ತೇನೆ, ಆಮೇಲೆ ಆ ಲೋಟವನ್ನೂ ಬಿಡುವುದಿಲ್ಲ. ಆದರೆ ಲೋಟ ಕೈಗೆ ಚೆನ್ನಾಗಿ ಸಿಗಬೇಕು ಅಂದರೆ ಮೊದಲ ದಿನದಿಂದಲೇ ಕ್ಯಾಂಡಲ್ ಉರಿಸುವ ರೀತಿ ಸರಿಯಿರಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ಹಚ್ಚುವಾಗ ಪುರುಸೊತ್ತು ಇರಬೇಕು. ಮೇಲಿನ ಮೇಣ ಅಂಚಿನಿಂದ ಅಂಚಿಗೆ ಪೂರ್ತಿ ಕರಗುವವರೆಗೂ ಆರಿಸಬಾರದು. ಲೋಟದ ಅಗಲ ಇಂಚಿಗೆ ಒಂದು ಗಂಟೆ ಅಂತ ಲೆಕ್ಕ, ಮೂರು ಇಂಚಿನದಾದರೆ ಸುಮಾರು 3 ಗಂಟೆ. ಹತ್ತೇ ನಿಮಿಷಕ್ಕೆ ಆರಿಸಿದರೆ ನಡುವೆ ಮಾತ್ರ ಕರಗಿ ಗುಳಿ ಬೀಳುತ್ತದೆ, ಮುಂದಿನ ಸಲವೂ ಅದೇ ಗುಳಿಯಲ್ಲೇ ಇಳಿಯುತ್ತಾ ಹೋಗಿ ಬತ್ತಿ ಬಾವಿಯೊಳಗೆ ಸೇರಿಬಿಡುತ್ತದೆ, ಸುತ್ತಲಿನ ಮೇಣವೆಲ್ಲ ದಂಡ. ಗುಳಿ ಬಿದ್ದಿದ್ದರೆ ಅಲ್ಯೂಮಿನಿಯಂ ಫಾಯಿಲ್‌ನಿಂದ ಲೋಟದ ಬಾಯಿ ಮುಚ್ಚಿ, ನಡುವೆ ದೊಡ್ಡ ತೂತು ಬಿಟ್ಟು ಉರಿಸುತ್ತೇನೆ. ಶಾಖ ಒಳಗೇ ನಿಂತು ಅಂಚಿನ ಮೇಣವೂ ಇಳಿಯುತ್ತದೆ. ಫಾಯಿಲ್ ಚೆನ್ನಾಗಿ ಕಾಯುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಪಕ್ಕದಿಂದ ಏಳಲೂ ಬೇಡಿ. ಎಷ್ಟೇ ಚೆನ್ನಾಗಿ ಉರಿಯುತ್ತಿದ್ದರೂ ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಬೇಡ.

ಇನ್ನು ಬತ್ತಿ. ಪ್ರತಿ ಸಲ ಹಚ್ಚುವ ಮುಂಚೆ, ಮೇಣ ಪೂರ್ತಿ ತಣ್ಣಗಿರುವಾಗ, ಬತ್ತಿಯ ಕರಿದಾದ ತುದಿ ಕತ್ತರಿಸಿ ಸುಮಾರು 6 ಮಿಲಿಮೀಟರ್ ಉಳಿಸುತ್ತೇನೆ, ಅಂದರೆ ಕಾಲು ಇಂಚು. ಇದಕ್ಕೇ ಅಂತ ಮಾರುವ ಕತ್ತರಿ ಬೇಕಿಲ್ಲ, ದೊಡ್ಡ ನೇಲ್ ಕಟರ್ ಲೋಟದೊಳಗೂ ಆಡುತ್ತದೆ. ಕ್ಯಾಂಡಲ್‌ನಲ್ಲಿ ನಿಜವಾಗಿ ಉರಿಯುವುದು ಮೇಣದ ಆವಿ. ಕರಗಿದ ಮೇಣ ಬತ್ತಿಯಲ್ಲಿ ಮೇಲೇರಿ, ಆವಿಯಾಗಿ, ಆ ಆವಿ ಉರಿಯುತ್ತದೆ. ಬತ್ತಿ ಉದ್ದ ಇದ್ದರೆ ಮೇಣವನ್ನು ಜಾಸ್ತಿ ಎಳೆಯುತ್ತದೆ, ಅಷ್ಟನ್ನು ಪೂರ್ತಿ ಉರಿಸಲು ಗಾಳಿ ಸಾಲದೆ ಮಸಿ ಏಳುತ್ತದೆ. ಲೋಟದ ಬಾಯಿ ಸುತ್ತ ಕಪ್ಪಾಗುವುದು, ಬತ್ತಿಯ ತುದಿಯಲ್ಲಿ ಅಣಬೆಯಂತೆ ಕರಿ ಗಂಟು ಕೂರುವುದು ಅದಕ್ಕೇ. ಆ ಗಂಟು ಮುರಿದು ಮೇಣದೊಳಗೆ ಬಿದ್ದರೆ ತೆಗೆದುಬಿಡಿ. ಅದಕ್ಕೂ ಬೆಂಕಿ ಹಿಡಿಯಬಹುದು.

ಆರಿಸುವ ವಿಷಯ. ದೇವರ ದೀಪವನ್ನು ಬಾಯಿಂದ ಊದಿ ಆರಿಸಬಾರದು ಅಂತ ಹಿರಿಯರು ಹೇಳುತ್ತಾರಲ್ವಾ, ಕ್ಯಾಂಡಲ್‌ಗೂ ನಾನು ಅದನ್ನೇ ಪಾಲಿಸುತ್ತೇನೆ. ಊದಿದರೆ ಬಿಸಿ ಮೇಣ ಸಿಡಿಯುತ್ತದೆ, ಇಷ್ಟು ಹೊತ್ತು ತುಂಬಿದ್ದ ಪರಿಮಳದ ಮೇಲೆ ಸುಟ್ಟ ಬತ್ತಿಯ ಹೊಗೆ ಕೂರುತ್ತದೆ. ಉದ್ದನೆಯ ಸ್ಟೀಲ್ ಚಮಚದ ಹಿಡಿಯಿಂದ ಬತ್ತಿಯನ್ನು ಮೆಲ್ಲಗೆ ಕರಗಿದ ಮೇಣಕ್ಕೆ ಬಾಗಿಸಿ ಅದ್ದಿ, ತಕ್ಷಣ ಮತ್ತೆ ನೆಟ್ಟಗೆ ನಿಲ್ಲಿಸಿ. ಹೊಗೆ ಬರುವುದೇ ಇಲ್ಲ ಅನ್ನಬಹುದು, ಬತ್ತಿಗೂ ಮೇಣ ಮೆತ್ತಿಕೊಂಡು ಮುಂದಿನ ಸಲ ಸುಲಭವಾಗಿ ಹತ್ತುತ್ತದೆ.

ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಸೀಲಿಂಗ್ ಫ್ಯಾನ್. ಫ್ಯಾನ್ ಕೆಳಗೆ ಜ್ವಾಲೆ ಅಲ್ಲಾಡುತ್ತಲೇ ಇರುತ್ತದೆ, ಒಂದು ಕಡೆಯ ಗಾಜು ಮಾತ್ರ ಕಾಯುತ್ತದೆ, ಮಸಿಯೂ ಹೆಚ್ಚು. ಫ್ಯಾನ್ ಬೇಕೇಬೇಕು ಅನ್ನುವ ಬೇಸಿಗೆಯಲ್ಲಿ ನಾನು ಕ್ಯಾಂಡಲ್ ಹಚ್ಚುವುದೇ ಇಲ್ಲ. ಇಡುವುದು ಸ್ಟೀಲ್ ತಟ್ಟೆಯ ಮೇಲೆ ಅಥವಾ ಉಳಿದ ಟೈಲ್ಸ್ ತುಂಡಿನ ಮೇಲೆ. ಪರದೆ ಹತ್ತಿರ ಬೇಡ, ಪುಸ್ತಕದ ಶೆಲ್ಫ್ ಕೆಳಗಂತೂ ಬೇಡವೇ ಬೇಡ. ಕೋಣೆ ಬಿಟ್ಟು ಹೋಗುವಾಗ, ಫೋನ್ ಬಂದು ಬಾಲ್ಕನಿಗೆ ಹೋಗುವಾಗಲೂ, ಆರಿಸಿ.

ಅಡುಗೆಮನೆಯ ವಾಸನೆ ಓಡಿಸಲು ಕ್ಯಾಂಡಲ್ ಹಚ್ಚುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆಯ ಮರ್‌ಕ್ಯಾಪ್ಟನ್ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ. ಗಂಧ, ಮಲ್ಲಿಗೆ ಅಂತ ಘಮಘಮ ಮಾಡಿ ಆ ಎಚ್ಚರಿಕೆಯನ್ನು ಮುಚ್ಚಬೇಡಿ. ಯಾವುದೋ ವಾಸನೆ ಅಂತ ಸಣ್ಣ ಅನುಮಾನ ಬಂದರೂ ಬೆಂಕಿಕಡ್ಡಿ ಮುಟ್ಟದೆ, ಸ್ವಿಚ್ಚೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ಬಾಗಿಲು ತೆಗೆಯಿರಿ.

ಜ್ವಾಲೆ ಕೈಮೀರಿ ದೊಡ್ಡದಾದರೆ ನೀರು ಹಾಕಲೇಬಾರದು. ನೀರು ಬಿಸಿ ಮೇಣದ ಕೆಳಗಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಮೇಣವನ್ನೇ ಎಲ್ಲ ಕಡೆ ಎರಚುತ್ತದೆ. ಮೇಲೆ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ. ಗಾಳಿ ನಿಂತರೆ ಬೆಂಕಿ ನಿಲ್ಲುತ್ತದೆ. ಹಾಗಾಗಿ ಹಚ್ಚುವಾಗಲೇ ತಟ್ಟೆ ಪಕ್ಕದಲ್ಲಿಟ್ಟುಕೊಂಡಿರುತ್ತೇನೆ.

ಈಗ ತಲೆಬರಹದ ವಿಷಯ. ತಳದಲ್ಲಿ ಅರ್ಧ ಇಂಚು ಮೇಣ ಉಳಿದಾಗ ನಾನು ನಿಲ್ಲಿಸಿಬಿಡುತ್ತೇನೆ. ದುಡ್ಡು ಕೊಟ್ಟದ್ದು ಪೂರ್ತಿ ಉರಿಯಲಿ ಅನಿಸುವುದು ಸಹಜ. ಆದರೆ ಅಷ್ಟು ಹೊತ್ತೂ ಜ್ವಾಲೆಗೂ ಗಾಜಿಗೂ ನಡುವೆ ನಿಂತು ಶಾಖ ಹೀರಿಕೊಂಡಿದ್ದು ಆ ಮೇಣವೇ. ಅದು ತೀರಿದರೆ ಬತ್ತಿ ಹಿಡಿದಿರುವ ಲೋಹದ ಬಿಲ್ಲೆ ಕಾದು ಗಾಜಿನ ತಳ ಬಿರಿಯಬಹುದು, ಕೆಳಗಿನ ಮೇಜೂ ಸುಡಬಹುದು.

ಉಳಿದ ಮೇಣ ತೆಗೆಯಲು ನನಗೆ ಇಷ್ಟವಾದ ದಾರಿ ಫ್ರೀಜರ್. ಲೋಟ ಪೂರ್ತಿ ತಣ್ಣಗಾದ ಮೇಲೆ ಕೆಲವು ಗಂಟೆ ಒಳಗಿಡಿ. ಮೇಣ ತಣ್ಣಗಾದರೆ ಕುಗ್ಗುತ್ತದೆ, ಗಾಜಿನಿಂದ ತಾನೇ ಬಿಟ್ಟುಕೊಳ್ಳುತ್ತದೆ. ಹೊರತೆಗೆದು ಮೊಂಡು ಚಾಕುವಿನಿಂದ ಅಂಚಿನಲ್ಲಿ ಸ್ವಲ್ಪ ಮೀಟಿದರೆ ಟಪ್ ಅಂತ ಬಿಲ್ಲೆಯಾಗಿ ಏಳುತ್ತದೆ, ಬತ್ತಿಯೂ ಅದರ ಜೊತೆಗೇ ಬರುತ್ತದೆ. ಹಾಗೆ ತೆಗೆದ ತಕ್ಷಣ ಬಿಸಿನೀರು ಹಾಕಬೇಡಿ, ಗಾಜು ಒಡೆಯುತ್ತದೆ. ಕಿರಿದಾದ ಬಾಯಿಯ ಲೋಟಕ್ಕೆ ಫ್ರೀಜರ್ ಉಪಾಯ ನಡೆಯುವುದಿಲ್ಲ. ಅದಕ್ಕೆ ಕುದಿಯದ, ಚೆನ್ನಾಗಿ ಬಿಸಿಯಾದ ನೀರು ಹಾಕಿ ಬಿಟ್ಟರೆ ಮೇಣ ಕರಗಿ ತೇಲುತ್ತದೆ, ತಣ್ಣಗಾದ ಮೇಲೆ ಗಟ್ಟಿ ಪದರವಾಗಿ ಎತ್ತಬಹುದು. ಆ ನೀರನ್ನು ಹಳೇ ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ. ಮೇಣ ಸಿಂಕ್‌ಗೆ ಹೋದರೆ ಪೈಪಿನೊಳಗೆ ಹೆಪ್ಪುಗಟ್ಟುತ್ತದೆ. ಕೊನೆಗೆ ಉಳಿಯುವ ಜಿಡ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಪಾತ್ರೆ ಸೋಪಿನಲ್ಲಿ ತೊಳೆದರೆ ಸಾಕು. ಲೇಬಲ್ ಅಂಟಿಗೂ ಅದೇ ಎಣ್ಣೆ, ಜೊತೆಗೆ ಸ್ವಲ್ಪ ಅಡುಗೆ ಸೋಡಾ.

ತೆಗೆದ ಮೇಣದ ತುಂಡುಗಳನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ, ಪರಿಮಳಕ್ಕೆ ಅಂತ ಸೂಟ್‌ಕೇಸ್ ಒಳಗೆ ಹಾಕಿಡುತ್ತೇನೆ. ಬಿಗಿಯಾದ ಜಿಪ್ಪಿಗೆ ಉಜ್ಜಿದರೆ ಅದೂ ಸರಾಗ.

ಖಾಲಿ ಲೋಟ ನೋಡಲು ಎಷ್ಟೇ ಚೆಂದ ಇದ್ದರೂ ಕುಡಿಯಲು, ತಿನ್ನಲು ಬಳಸುವುದಿಲ್ಲ. ಅದನ್ನು ಆಹಾರಕ್ಕೆ ಅಂತ ಮಾಡಿರುವುದಿಲ್ಲ, ಸುಗಂಧದ ಎಣ್ಣೆ, ಬಣ್ಣ ಏನಾದರೂ ಉಳಿದಿರಬಹುದು, ಮೇಲಾಗಿ ಪದೇ ಪದೇ ಕಾದು ತಣ್ಣಗಾದ ಗಾಜು ಬಿಸಿ ಕಾಫಿಗೆ ತಡೆಯುತ್ತದೆ ಅಂತ ನಂಬಲಾಗದು. ನಮ್ಮಲ್ಲಿ ಮುಚ್ಚಳ ಇರುವ ಲೋಟ ದೇವರ ಮನೆಗೆ ಹೋಗುತ್ತದೆ, ಹೂಬತ್ತಿ ತುಂಬಿಡಲು. ತಣ್ಣಗೆ ಒಣಗಿರುತ್ತವೆ, ಧೂಳೂ ಇಲ್ಲ. ಗುಂಡಿ, ಪಿನ್ನು, ಸೇಫ್ಟಿ ಪಿನ್ನಿಗೆ ಒಂದು. ಬಣ್ಣದ ಗಾಜಿನದಕ್ಕೆ ಮನಿ ಪ್ಲಾಂಟ್ ಕಡ್ಡಿ: ಒಂದು ಗೆಣ್ಣಾದರೂ ನೀರಿನೊಳಗಿರಬೇಕು, ಎಲೆ ಮುಳುಗಬಾರದು. ಬಿಳಿ ಗಾಜಿನಲ್ಲಿ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಬಣ್ಣದ್ದರಲ್ಲಿ ಕಡಿಮೆ. ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಿ, ಲೋಟದ ಒಳಬದಿಯನ್ನೂ ಉಜ್ಜಿ ತೊಳೆಯಿರಿ, ಏಕೆಂದರೆ ಡೆಂಗಿ ಸೊಳ್ಳೆ ಇಂಥ ನಿಂತ ನೀರಿನಲ್ಲೇ, ಪಾತ್ರೆಯ ಗೋಡೆಗೆ ಅಂಟುವಂತೆ ಮೊಟ್ಟೆ ಇಡುತ್ತದೆ.

ಯಾವ ಕೆಲಸಕ್ಕೆ ಇಡುವ ಮುಂಚೆಯೂ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಇಟ್ಟುಕೊಳ್ಳಬೇಡಿ. ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು, ಬೇರೆ ಕಸದ ಜೊತೆ ಸೇರಿಸದೆ ಪೌರಕಾರ್ಮಿಕರ ಕೈಗೇ ಹೇಳಿ ಕೊಡಿ.