ಪ್ರಾರ್ಥನೆಯ ರೂಢಿ ಬೆಳೆಸಿಕೊಳ್ಳುವುದು ಹೇಗೆ? ಸಭೆಯ ಜೊತೆಗೂಡಿ ಇಡಬಹುದಾದ ಹೆಜ್ಜೆಗಳು

ಭಾನುವಾರದ ಆರಾಧನೆಯಲ್ಲಿ ಎಲ್ಲರೊಡನೆ ದನಿಗೂಡಿಸಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ತಡವರಿಸದೆ ಹೇಳುವವರು, ಸೋಮವಾರ ಬೆಳಿಗ್ಗೆ ಮನೆಯಲ್ಲಿ ಒಬ್ಬರೇ ಕಣ್ಣು ಮುಚ್ಚಿ ಕುಳಿತಾಗ ಎರಡು ವಾಕ್ಯಗಳ ಮುಂದೆ ಮಾತು ಹೊರಡದೆ ಸುಮ್ಮನಾಗುವುದು ತೀರ ಸಾಮಾನ್ಯ. ಚರ್ಚಿನ ಪೂರ್ಣ ಸದಸ್ಯರಾಗಲು ಸಿದ್ಧಗೊಳಿಸುವ ದೃಢೀಕರಣದ ತರಗತಿಗೆ ಬರುವ ಮಕ್ಕಳೂ, ದಶಕಗಳಿಂದ ಸಭೆಯ ಸದಸ್ಯರಾಗಿರುವ ಹಿರಿಯರೂ ಇದನ್ನೇ ಹೇಳುತ್ತಾರೆ, ಮತ್ತು ಬಹುತೇಕರು ಇದನ್ನು ತಮ್ಮ ಭಕ್ತಿಯ ಕೊರತೆಯೆಂದೇ ಬಗೆದು ಒಳಗೊಳಗೆ ಕುಗ್ಗುತ್ತಾರೆ. ನನಗೆ ಕಾಣುವಂತೆ ತೊಡಕಿರುವುದು ಬೇರೆಡೆ. ಪ್ರಾರ್ಥನೆಯ ಮಾತು ಪ್ರತಿಸಲವೂ ಸ್ವಂತದ್ದಾಗಿರಬೇಕು, ಹೊಸದಾಗಿ ಉಕ್ಕಿಬರಬೇಕು ಎಂಬ ನಿರೀಕ್ಷೆಯೇ ನಾಲಿಗೆಯನ್ನು ಕಟ್ಟಿಹಾಕುತ್ತದೆ. ಸಭೆಯಲ್ಲಿ ಪ್ರಾರ್ಥನೆ ಕಲಿತವರು ತಲೆತಲಾಂತರದಿಂದ ಮೊದಲು ಸಭೆಯ ಮಾತನ್ನು ಕಡ ತಂದು ಆಡಿದ್ದಾರೆ. ಸ್ವಂತ ಮಾತು ಅದರ ಬೆನ್ನಿಗೆ ಬಂದಿದೆ. ಕೆಳಗಿನ ಕ್ರಮವನ್ನು ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐ ಸಭೆಗಳ ರೂಢಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಬೇರೆ ಸಭೆಗಳವರು ತಮ್ಮ ಪದ್ಧತಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಆರಂಭಕ್ಕೆ ಹತ್ತು ನಿಮಿಷ ಸಾಕು; ಒಂದು ಗಂಟೆ ಕೂರುತ್ತೇನೆಂದು ಹೊರಟವರು ಸಾಮಾನ್ಯವಾಗಿ ಎರಡನೆಯ ವಾರಕ್ಕೆ ಕೈಬಿಡುತ್ತಾರೆ. ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ, ಆದರೆ ಐದು ಜನ ಎರಡು ಕೋಣೆಯಲ್ಲಿ ಬಾಳುವ ಮನೆಯಲ್ಲಿ ಹಾಕಿಕೊಳ್ಳಲು ಬಾಗಿಲು ಎಲ್ಲಿದೆ? ಅಂಥವರಿಗೆ ಮನೆಮಂದಿ ಏಳುವ ಮುಂಚಿನ ಅಡುಗೆಮನೆಯಾಗಲಿ, ಕಚೇರಿಗೆ ಹೋಗುವ ಬಸ್ಸಿನ ಕಿಟಕಿಯ ಪಕ್ಕದ ಸೀಟಾಗಲಿ ಆ ಕೋಣೆಯಾಗಬಹುದು. ಜಾಗಕ್ಕಿಂತ ಹೊತ್ತು ಮುಖ್ಯ. ಸತ್ಯವೇದವನ್ನು (ಬೈಬಲನ್ನು) ಮೊಬೈಲಿನಲ್ಲಿ ಓದುವುದು ತಪ್ಪಲ್ಲವಾದರೂ, ಎರಡನೆಯ ವಚನಕ್ಕೆ ಬರುವಷ್ಟರಲ್ಲಿ ಮೇಲಿನಿಂದ ಒಂದು ಸಂದೇಶ ಇಳಿದು ಬರುವುದು ಖಂಡಿತ. ಈ ಹತ್ತು ನಿಮಿಷಕ್ಕಾದರೂ ಅಚ್ಚಾದ ಪುಸ್ತಕವೇ ಇರಲಿ. ಹಳೆಯ ಅನುವಾದದ ಭಾಷೆ ಭಾರವೆನಿಸುವವರಿಗೆ ಸರಳ ಭಾಷೆಯ ಕನ್ನಡ ಅನುವಾದವೂ ದೊರೆಯುತ್ತದೆ.

ಎರಡನೆಯದು, ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುವುದು. ಪ್ರಾರ್ಥಿಸಲು ಕಲಿಸು ಎಂದು ಶಿಷ್ಯರಲ್ಲೊಬ್ಬನು ಕೇಳಿದಾಗ ಯೇಸು ಅವರಿಗೆ ಕೊಟ್ಟದ್ದು ಬಾಯಿಪಾಠ ಮಾಡಬಹುದಾದ ಕೆಲವು ಸಾಲುಗಳನ್ನು ಎಂಬುದನ್ನು ಲೂಕನು 11ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಆದಿ ಸಭೆಯ ಕೈಪಿಡಿಯಾದ ದಿದಖೆಯು ಇದನ್ನು ದಿನಕ್ಕೆ ಮೂರು ಬಾರಿ ಹೇಳುವಂತೆ ವಿಧಿಸುತ್ತದೆ. ನಾವು ಇದನ್ನು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಅದರ ಬದಲು ಒಂದೊಂದು ಬೇಡಿಕೆಯ ನಂತರ ನಿಂತು, ಆ ದಿನದ ಒಂದು ಸಂಗತಿಯನ್ನು ಅದಕ್ಕೆ ಜೋಡಿಸಿ. ‘ನಿನ್ನ ಚಿತ್ತವು ನೆರವೇರಲಿ’ ಎಂದಾಗ, ಈ ವಾರ ತೀರ್ಮಾನಿಸಬೇಕಾಗಿರುವ ಮಗಳ ಕಾಲೇಜಿನ ವಿಷಯ. ‘ಅನುದಿನದ ಆಹಾರ’ ಎಂದಾಗ, ಸಾಲದ ಕಂತಿನ ಜೊತೆಗೆ, ಕೆಲಸ ಕಳೆದುಕೊಂಡಿರುವ ಪಕ್ಕದ ಮನೆಯವರ ಹೆಸರು. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದಾಗ, ಮುಖ ಕಂಡರೆ ಮೈ ಉರಿಯುವ ಆ ಒಬ್ಬ ವ್ಯಕ್ತಿ. ಆ ಸಾಲನ್ನು ಹೇಳಲು ಆಗದಿದ್ದರೆ, ಆಗುತ್ತಿಲ್ಲವೆಂದೇ ಹೇಳಿ ಮುಂದೆ ಹೋಗಿ. ಅದೂ ಪ್ರಾರ್ಥನೆಯೇ. ಹೀಗೆ ಮಾಡುತ್ತ ಹೋದರೆ ಕೆಲವೇ ವಾರಗಳಲ್ಲಿ ಕಡ ತಂದ ಸಾಲುಗಳ ನಡುವೆ ನಿಮ್ಮದೇ ವಾಕ್ಯಗಳು ಸೇರಿಕೊಳ್ಳುತ್ತವೆ.

ಮೂರನೆಯದು ಸತ್ಯವೇದದ ಕೀರ್ತನೆಗಳು. ಸಭೆಗೆ ದೊರೆತಿರುವ ಪ್ರಾರ್ಥನೆಗಳಲ್ಲಿ ಇದಕ್ಕಿಂತ ದೊಡ್ಡ ಭಂಡಾರವಿಲ್ಲ, ಇಷ್ಟು ಅಲಕ್ಷ್ಯಕ್ಕೆ ಒಳಗಾಗಿರುವುದೂ ಇನ್ನೊಂದಿಲ್ಲ. ಒಟ್ಟು 150 ಕೀರ್ತನೆಗಳಿವೆ. ದಿನಕ್ಕೊಂದರಂತೆ ಓದಿದರೆ ಐದು ತಿಂಗಳಲ್ಲಿ ಮುಗಿಯುತ್ತವೆ. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕವು ಇಡೀ ಗ್ರಂಥವನ್ನು 30 ದಿನಗಳ ಬೆಳಿಗ್ಗೆ ಸಂಜೆಗಳಿಗೆ ಹಂಚಿಕೊಟ್ಟಿದೆ, ಆದರೆ ಹೊಸಬರಿಗೆ ಅದು ಹೆಚ್ಚಾಯಿತು. 23, 121, 103, 51, 13, ಈ ಐದರಿಂದ ಶುರುಮಾಡಿ, ಮತ್ತು ದಯವಿಟ್ಟು ಗಟ್ಟಿಯಾಗಿ ಓದಿ. ಇವು ದನಿಯೆತ್ತಿ ಹೇಳುವುದಕ್ಕೆಂದೇ ರಚಿತವಾದವು. ‘ಯೆಹೋವನು ನನಗೆ ಕುರುಬನು’ ಎಂಬ ನೆಮ್ಮದಿ ಎಲ್ಲರಿಗೂ ಗೊತ್ತು, ಆದರೆ 13ನೆಯ ಕೀರ್ತನೆಯು ದೇವರು ತನ್ನನ್ನು ಇನ್ನೆಷ್ಟು ಕಾಲ ಮರೆತಿರುತ್ತಾನೆಂದು ನೇರವಾಗಿ ಕೇಳುವ ಧೈರ್ಯ ತೋರಿಸುತ್ತದೆ. ಆರೇ ವಚನಗಳಲ್ಲಿ ದೂರಿನಿಂದ ಹಾಡಿಗೆ ಬಂದು ಮುಟ್ಟುತ್ತದೆ. 88ನೆಯದು ಹಾಗೆ ಬಂದು ಮುಟ್ಟುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡ ಹಿರಿಯರ ವಿವೇಕ ದೊಡ್ಡದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನನ್ನ ಮನಸ್ಸು ಹಗುರಾಗಿರುವ ದಿನ ಗೋಳಿನ ಕೀರ್ತನೆ ಎದುರಾದರೆ, ಇಲ್ಲವೇ ಮನೆಯಲ್ಲಿ ಸಾವಾಗಿರುವಾಗ ತಾಳ ಮೇಳಗಳ ಕೀರ್ತನೆ ಬಂದರೆ ಏನು ಮಾಡಬೇಕು? ಬಿಡಬೇಡಿ. ಆ ಕೀರ್ತನೆ ಈ ಹೊತ್ತು ನಿಮ್ಮದಲ್ಲದಿದ್ದರೆ ಸಭೆಯಲ್ಲಿ ಇನ್ನಾರದೋ ಆಗಿರುತ್ತದೆ. ಆಸ್ಪತ್ರೆಯಲ್ಲಿರುವವರ ಪರವಾಗಿ ಗೋಳನ್ನೂ, ಮಗು ಹುಟ್ಟಿದ ಮನೆಯವರ ಪರವಾಗಿ ಸ್ತುತಿಯನ್ನೂ ಹೇಳಿ. ಒಬ್ಬರೇ ಕುಳಿತು ಮಾಡುವ ಪ್ರಾರ್ಥನೆಯೂ ಸಭೆಯ ಪ್ರಾರ್ಥನೆಯಾಗುವುದು ಹೀಗೆ. ಶತ್ರುಗಳನ್ನು ಶಪಿಸುವ 109, 137ರಂಥವುಗಳು ಕಸಿವಿಸಿ ಉಂಟುಮಾಡಿದರೆ, ಕಂಡೂ ಕಾಣದಂತೆ ದಾಟಿಹೋಗುವ ಬದಲು ಸಭಾಪಾಲಕರನ್ನು ಕೇಳಿ. ಬಹುಕಾಲದಿಂದ ಅವರು ಇಂಥ ಪ್ರಶ್ನೆಗಾಗಿ ಕಾದಿರಲೂಬಹುದು.

ಇನ್ನು ವಾಚನ. ಸಿಎಸ್‌ಐ ಪಂಚಾಂಗದಲ್ಲಿ ಪ್ರತಿ ಭಾನುವಾರದ ವಿಷಯವೂ ಪಾಠಗಳೂ ಮೊದಲೇ ಅಚ್ಚಾಗಿರುತ್ತವೆ. ಬರುವ ಭಾನುವಾರದ ಸುವಾರ್ತಾ ಭಾಗವನ್ನು ಸೋಮವಾರದಿಂದಲೇ ಓದತೊಡಗಿದರೆ, ಪ್ರಸಂಗವನ್ನು ಕೇಳುವ ಕಿವಿಯೇ ಬೇರೆಯಾಗುತ್ತದೆ. ದಿನಕ್ಕೊಂದು ವಚನವನ್ನು ಹಿಡಿದು ನಡೆಯುವ ರೂಢಿಯನ್ನು ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ ಸಭೆಯು 1728ರಲ್ಲಿ ಆರಂಭಿಸಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಅದೇ ಬಗೆಯ, ಮನೆಮನೆಯ ವೇದವಾಚನಕ್ಕೆ ಒತ್ತು ಕೊಟ್ಟ ಭಕ್ತಿಪಂಥದಲ್ಲಿ ಬೆಳೆದವರು. ಮಕ್ಕಳಿರುವ ಮನೆಯಲ್ಲಿ ಸಂಜೆ ಎಲ್ಲರೂ ಒಂದೊಂದು ವಚನ ಓದಿ, ಒಂದು ಗೀತೆ ಹಾಡಿದರೆ ಅಷ್ಟೇ ಸಾಕು.

ಐದನೆಯದಾಗಿ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಂಡು, ಯಾರಿಗಾಗಿ ಪ್ರಾರ್ಥಿಸುತ್ತೀರೋ ಅವರ ಹೆಸರುಗಳನ್ನು ವಾರದ ದಿನಗಳಿಗೆ ಹಂಚಿ ಬರೆದುಕೊಳ್ಳಿ. ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದು ಚರ್ಚಿನ ಮೆಟ್ಟಿಲ ಮೇಲೆ ಹೇಳಿ, ಗೇಟು ದಾಟುವಷ್ಟರಲ್ಲಿ ಮರೆಯುವುದಕ್ಕೆ ಇದೊಂದೇ ಮದ್ದು. ಆದರೆ ಈ ಪುಸ್ತಕ ನಿಮ್ಮದಾಗಿಯೇ ಉಳಿಯಲಿ. ಪ್ರಾರ್ಥನೆಯ ಹೆಸರಿನಲ್ಲಿ ಹರಡುವಷ್ಟು ಗಾಳಿಸುದ್ದಿ ಬೇರೆ ಯಾವ ಹೆಸರಿನಲ್ಲೂ ಹರಡುವುದಿಲ್ಲ. ‘ಅವರ ಮಗ ಕುಡಿಯುತ್ತಾನಂತೆ, ಎಲ್ಲರೂ ಪ್ರಾರ್ಥಿಸಿ’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶಕ್ಕೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದರೂ, ಆ ತಾಯಿ ಮುಂದಿನ ಭಾನುವಾರ ಚರ್ಚಿಗೆ ಬರಲು ಹಿಂಜರಿಯುತ್ತಾಳೆ. ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಹೆಸರನ್ನೂ ವಿವರವನ್ನೂ ಕೂಟದಲ್ಲಿ ಹೇಳಬೇಡಿ. ‘ಕಷ್ಟದಲ್ಲಿರುವ ಒಂದು ಕುಟುಂಬ’ ಎಂದರೆ ದೇವರಿಗೆ ತಿಳಿಯುತ್ತದೆ.

ಮನೆಕೂಟದ ವಿಷಯಕ್ಕೆ ಬಂದರೆ, ಬಾಯಿಬಿಟ್ಟು ಪ್ರಾರ್ಥಿಸಲು ಕಲಿಯುವುದಕ್ಕೆ ಅದರಷ್ಟು ಒಳ್ಳೆಯ ಶಾಲೆ ಇಲ್ಲ, ಅದನ್ನು ಸರಿಯಾಗಿ ನಡೆಸಿದರೆ. ಒಂದು ಗೀತೆ, ಒಂದು ಕೀರ್ತನೆ, ಒಂದು ವಾಚನ, ಆಮೇಲೆ ಒಬ್ಬೊಬ್ಬರಿಂದ ಒಂದೆರಡು ವಾಕ್ಯಗಳ ಪ್ರಾರ್ಥನೆ, ಎಲ್ಲ ಸೇರಿ ಮುಕ್ಕಾಲು ಗಂಟೆ. ಮೊದಲ ಬಾರಿ ಬಾಯಿಬಿಡುವವರು ಚೀಟಿಯಲ್ಲಿ ಬರೆದುಕೊಂಡು ಓದಿದರೂ ಅಡ್ಡಿಯಿಲ್ಲ. ಸೃಷ್ಟಿಯಿಂದ ಹಿಡಿದು ಕ್ರಿಸ್ತನ ಪುನರಾಗಮನದವರೆಗೆ ಒಂದೇ ಉಸಿರಿನಲ್ಲಿ ಪ್ರಾರ್ಥಿಸುವ ಹಿರಿಯರು ಪ್ರತಿಯೊಂದು ಸಭೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಮುಕ್ತಾಯದ ಆಶೀರ್ವಚನವನ್ನು ಒಪ್ಪಿಸುವುದು ಜಾಣತನ. ಉಪಚಾರಕ್ಕೆ ಕಾಫಿ ಮಾತ್ರವೆಂದು ಎಲ್ಲ ಮನೆಗಳವರೂ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಒಂದು ಮನೆಯಲ್ಲಿ ಬಿರಿಯಾನಿ ಬಡಿಸಿದರೆ ಮುಂದಿನ ವಾರ ಬಡವರ ಮನೆಯ ಸರದಿ ತಪ್ಪುತ್ತದೆ, ಯಾರೂ ಬೇಡವೆಂದು ಹೇಳದಿದ್ದರೂ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರವಾದ ಕರ್ತನ ಭೋಜನಕ್ಕೆ ಸಿದ್ಧವಾಗುವುದು ಮುಂದಿನ ಹೆಜ್ಜೆ. ವಿವಿಧ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಆದಾಗ, ಆರಾಧನೆಯನ್ನೂ ಕೂಡಿಯೇ ರಚಿಸಬೇಕಾಯಿತು. 1950ರಲ್ಲಿ ಬಳಕೆಗೆ ಬಂದ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನದ ವಂದನೆಯನ್ನು ಮತ್ತೆ ತಂದರು. ಅದು ವೇದಿಯ ಬಳಿಯಿಂದ ಹೊರಟು, ಒಬ್ಬರ ಜೋಡಿಸಿದ ಕೈಗಳಿಂದ ಇನ್ನೊಬ್ಬರ ಕೈಗಳಿಗೆ, ಸಾಲಿನಿಂದ ಸಾಲಿಗೆ ಹಿಂದಿನ ಬೆಂಚಿನವರೆಗೂ ದಾಟುತ್ತದೆ. ಎಷ್ಟೋ ಸಲ ಅದು ಮಧ್ಯದಲ್ಲಿ ಒಬ್ಬರನ್ನು ಬಳಸಿ ಸುತ್ತುಹಾಕಿ ಹೋಗುವುದನ್ನು ನೋಡಿರುತ್ತೇವೆ: ಆಸ್ತಿಯ ವ್ಯಾಜ್ಯ, ಸಭಾ ಚುನಾವಣೆಯ ಮುನಿಸು. ಆದ್ದರಿಂದ ಸಂಸ್ಕಾರದ ಭಾನುವಾರಕ್ಕೆ ಮುಂಚಿನ ವಾರದಲ್ಲೇ ಆ ವ್ಯಕ್ತಿಗೆ ಒಂದು ಫೋನು ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮಾತನ್ನು ಮತ್ತಾಯನ 5ನೆಯ ಅಧ್ಯಾಯವು ಬೆಳಕಿನಷ್ಟು ಸ್ಪಷ್ಟವಾಗಿ ಹೇಳಿದೆ. ವ್ಯಾಜ್ಯ ತೀರದಿರಬಹುದು, ಮಾತು ಮಾತ್ರ ನಿಲ್ಲದಿರಲಿ.

ಬೂದಿ ಬುಧವಾರದಿಂದ ಆರಂಭವಾಗುವ, ಭಾನುವಾರಗಳನ್ನು ಬಿಟ್ಟು 40 ದಿನಗಳ, ಈಸ್ಟರಿಗೆ ಮುಂಚಿನ ಲೆಂಟ್ ಕಾಲದಲ್ಲಿ ಉಪವಾಸ ಮಾಡುವವರು ಉಳಿಸಿದ್ದನ್ನು ಯಾರಿಗೆ ಕೊಡುವುದೆಂದು ಮೊದಲೇ ನಿಶ್ಚಯಿಸಬೇಕು. ಮಿಜೋರಂನ ಸಭೆಗಳಲ್ಲಿ ಪ್ರತಿ ಅಡುಗೆಯ ಹೊತ್ತಿಗೆ ಒಂದು ಹಿಡಿ ಅಕ್ಕಿಯನ್ನು ಸಭೆಗಾಗಿ ತೆಗೆದಿಡುವ ರೂಢಿ ನೂರು ವರ್ಷಕ್ಕೂ ಹಿಂದಿನದು. ನಮ್ಮ ಅಡುಗೆಮನೆಗಳಿಗೂ ಅದು ಹೊಂದುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು ಊಟ ಬಿಡುವ ಬದಲು ಬೇರೆ ಏನನ್ನಾದರೂ ತೊರೆಯುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಕೆಲವು ತಿಂಗಳು ಎಲ್ಲವೂ ಬರಡಾಗಿ ತೋರುತ್ತದೆ. ಆಗ ಹೊಸ ವಿಧಾನಗಳನ್ನು ಹುಡುಕಿ ಅಲೆಯಬೇಡಿ, ಇನ್ನೊಂದು ಕೂಟಕ್ಕೆ ಹಾರಬೇಡಿ. ಹೊತ್ತನ್ನು ಹತ್ತು ನಿಮಿಷದಿಂದ ಮೂರಕ್ಕೆ ಇಳಿಸಿ, ಕರ್ತನ ಪ್ರಾರ್ಥನೆಯನ್ನಷ್ಟೇ ಹೇಳಿ, ಭಾನುವಾರ ತಪ್ಪಿಸದೆ ಹೋಗಿ ಇತರರ ಪ್ರಾರ್ಥನೆಗಳಿಗೆ ಆಮೆನ್ ಸೇರಿಸಿ. ನಂಬಿಕೆಯ ಒಬ್ಬ ಹಿರಿಯರಿಗಾದರೂ ವಿಷಯವನ್ನು ತಿಳಿಸಿ. ನಿದ್ದೆಯೂ ಹಸಿವೂ ಕೆಟ್ಟು, ಯಾವುದರಲ್ಲೂ ಮನಸ್ಸು ನಿಲ್ಲದೆ ವಾರಗಳು ಕಳೆದಿದ್ದರೆ ಅದನ್ನು ಭಕ್ತಿಯ ಸಮಸ್ಯೆಯೆಂದು ಮುಚ್ಚಿಡದೆ ವೈದ್ಯರನ್ನು ಕಾಣಿ, ಸಭಾಪಾಲಕರಿಗೂ ಹಾಗೆಂದೇ ಹೇಳಿ.