120ರಿಂದ 108ಕ್ಕೆ ಇಳಿದ ದಾರಿ

ಹುಬ್ಬಳ್ಳಿಯಲ್ಲಿ ಮದುವೆ ರಿಸೆಪ್ಶನ್ ಅಂದರೆ ಡಿಜೆಗೆ ಸಿಗುವ ಹೊತ್ತು ಏಳೂವರೆಯಿಂದ ಹತ್ತು. ಹತ್ತಕ್ಕೆ ಸೌಂಡ್ ಬಂದ್ ಆಗಲೇಬೇಕು, ಕಾನೂನೇ ಹಾಗಿದೆ. ಒಂಬತ್ತೂವರೆ ಹೊತ್ತಿಗೆ ಹುಡುಗರು ಬೆವತು ಕುಣಿಯುತ್ತಿರುತ್ತಾರೆ, ಹಾಡು 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್‌ನಲ್ಲಿ, ಓಡುತ್ತಿರುತ್ತದೆ. ಆ ಕೊನೆಯ ಅರ್ಧ ಗಂಟೆಗೆಂದೇ ನಾನು ಒಂದು ನಿಧಾನದ ಡೀಪ್ ಹೌಸ್ (ಕುಣಿತದ ಎಲೆಕ್ಟ್ರಾನಿಕ್ ಸಂಗೀತದ ಒಂದು ಶೈಲಿ) ರೀಮಿಕ್ಸ್ ಎತ್ತಿಟ್ಟಿರುತ್ತೇನೆ. ಗದಗ ಕಡೆಯ ಭಜನಾ ಮೇಳವೊಂದರ ತತ್ವಪದವನ್ನು ನನ್ನ ಗೆಳೆಯ ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಕಟ್ಟಿದ್ದು. 108 ಬಿಪಿಎಂ. ಅದನ್ನು ಸೆಟ್‌ನೊಳಗೆ ಸರಿಯಾಗಿ ಕೂರಿಸಲು ನನಗೆ ಒಂದು ಇಡೀ ಮದುವೆ ಸೀಸನ್ ಹಿಡಿಯಿತು.

ಮೊದಲ ಸಲ ಕೇಶ್ವಾಪುರದ ಒಂದು ಮದುವೆಯಲ್ಲಿ ಹಾಡಿನ ವೇಗ ಏರಿಸಿ ಇಳಿಸುವ ಪಿಚ್ ಫೇಡರ್ ಹಿಡಿದು ಮೂರು ಹಾಡುಗಳಲ್ಲಿ ಮೆಲ್ಲಗೆ ಇಳಿಸುತ್ತ ಬಂದೆ. 120, 116, 112. ವೇಗ ಬದಲಾದರೂ ಶ್ರುತಿ ಬದಲಾಗದಂತೆ ಕೀ ಲಾಕ್ ಹಾಕಿದ್ದೆ. ಅಷ್ಟು ಎಳೆದ ಮೇಲೆ ಕಿಕ್‌ನ (ದಪ್ಪ ಡ್ರಮ್‌ನ) ಪೆಟ್ಟು ಮೆತ್ತಗಾಯಿತು, ಹಾಡುವವರ ದನಿ ನೀರಿನೊಳಗಿಂದ ಬಂದಂತೆ ಕೇಳಿಸಿತು. ಗಾಬರಿಯಾಗಿ ಕೀ ಲಾಕ್ ತೆಗೆದೆ. ಆಗ ಶ್ರುತಿಯೇ ಕುಸಿಯಿತು. ವೇಗ ಶೇಕಡ 6ರಷ್ಟು ಇಳಿದರೆ ಶ್ರುತಿ ಸುಮಾರು ಅರ್ಧ ಸ್ವರ ಇಳಿಯುತ್ತದೆ. ವರನ ಸೋದರಮಾವ ಬಂದು, "ಏನಪಾ ತಮ್ಮಾ, ಸೆಲ್ ಇಳದ ಟೇಪ್ ರೆಕಾರ್ಡರ್ ಆದಂಗ ಆಗೇತಲ್ಲ, ಮಂದಿ ಎಲ್ಲಾ ಊಟಕ್ಕ ಹೊಂಟಾರ ನೋಡು" ಅಂದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು.

ದಾರಿ ಹೊಳೆದದ್ದು ಧಾರವಾಡದಲ್ಲಿ, ಒಂದು ಬೈಠಕ್‌ನಲ್ಲಿ ಕೂತಿದ್ದಾಗ. ಹಿಂದೂಸ್ತಾನಿ ಖ್ಯಾಲ್ ಹಾಡುವವರು ನಿಧಾನದ ವಿಲಂಬಿತದಿಂದ ವೇಗದ ದ್ರುತ್‌ಗೆ ಏರುತ್ತಾರೆ. ದ್ರುತ್‌ನಿಂದ ಮೆಲ್ಲಮೆಲ್ಲಗೆ ಲಯ ಇಳಿಸುತ್ತ ಬಂದವರನ್ನು ನಾನು ಕೇಳಿಲ್ಲ. ದ್ರುತ್ ಮುಗಿಯುತ್ತದೆ, ತಬಲಾ ಸುಮ್ಮನಾಗುತ್ತದೆ, ತಂಬೂರಿ ಮಾತ್ರ ನುಡಿಯುತ್ತಲೇ ಇರುತ್ತದೆ. ಆ ಶ್ರುತಿಯೊಳಗಿಂದಲೇ ಮುಂದಿನ ರಾಗದ ವಿಲಂಬಿತ ಎದ್ದು ಬರುತ್ತದೆ. ಲಯ ಬಿತ್ತು ಅಂತ ಯಾರಿಗೂ ಅನಿಸುವುದಿಲ್ಲ, ಹಳೆಯ ಲಯ ಅಷ್ಟರಲ್ಲಿ ಕಿವಿಯಿಂದ ಅಳಿಸಿಹೋಗಿರುತ್ತದೆ. ನನಗೂ ಒಂದು ತಂಬೂರಿ ಬೇಕಿತ್ತು.

ಗೆಳೆಯನಿಗೆ ಹೇಳಿ ರೀಮಿಕ್ಸ್‌ನ ಆರಂಭಕ್ಕೆ 16 ಬಾರ್ ಬರೀ ಪ್ಯಾಡ್ (ಉದ್ದಕ್ಕೆ ನುಡಿಯುವ ಸಿಂಥ್ ದನಿ) ಮತ್ತು ಹಾರ್ಮೋನಿಯಂ ಹಾಕಿಸಿದೆ. ಡ್ರಮ್ ಇಲ್ಲವೇ ಇಲ್ಲ. 108ರಲ್ಲಿ 16 ಬಾರ್ ಅಂದರೆ 64 ಬೀಟ್, ಸುಮಾರು 36 ಸೆಕೆಂಡು. ಬೀಟ್ ಇಲ್ಲದ ಕಡೆ ಎರಡು ಹಾಡುಗಳ ವೇಗ ಹೊಂದಿಸುವ ಪ್ರಶ್ನೆಯೇ ಏಳುವುದಿಲ್ಲ, ಶ್ರುತಿ ಹೊಂದಿದರೆ ಸಾಕು. ಡೀಪ್ ಹೌಸ್‌ನಲ್ಲಿ ಶ್ರುತಿಯ ತಪ್ಪು ಮುಚ್ಚಿಡಲು ಬರುವುದಿಲ್ಲ. 1980ರ ದಶಕದಲ್ಲಿ ಶಿಕಾಗೊದ ಲ್ಯಾರಿ ಹರ್ಡ್‌ನಂಥವರು ಈ ಶೈಲಿ ಕಟ್ಟಿದ್ದೇ ಜಾಝ್ ಬಣ್ಣದ ದೀರ್ಘ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಮೇಲೆ. ಅವು ಉದ್ದಕ್ಕೆ ನಿಲ್ಲುತ್ತವೆ, ಹಾಗಾಗಿ ಬೇಸೂರು ಕೂಡ ಉದ್ದಕ್ಕೇ ನಿಲ್ಲುತ್ತದೆ.

ನಮ್ಮ ರೀಮಿಕ್ಸ್‌ನ ಶ್ರುತಿ ಎ ಮೈನರ್; ಯಾವ ಶ್ರುತಿಗೆ ಯಾವುದು ಹೊಂದುತ್ತದೆ ಅಂತ ಡಿಜೆಗಳು ನೋಡುವ ಕ್ಯಾಮೆಲಾಟ್ ಚಕ್ರದಲ್ಲಿ ಅದು 8ಎ. ಅದರ ಹಿಂದಿನ ಹಾಡಾಗಿ 8ಎ, ಇಲ್ಲವೇ ಪಕ್ಕದ 7ಎ, 9ಎ ಆರಿಸುತ್ತೇನೆ. ಆದರೂ ಮೊದಮೊದಲು ಏನೋ ಉಜ್ಜಿದಂತೆ ಕೇಳಿಸುತ್ತಿತ್ತು. ಮೇಳದ ಹಳೆಯ ಹಾರ್ಮೋನಿಯಂನ ಶ್ರುತಿ ಒಂದು ಎಳೆ ಮೇಲಿತ್ತು, ನನ್ನ ಸಾಫ್ಟ್‌ವೇರ್ ಅದನ್ನು ತೋರಿಸುವುದಿಲ್ಲ. ಹಾರ್ಮೋನಿಯಂ ತಿದ್ದಲು ನನಗೆ ಮನಸ್ಸಾಗಲಿಲ್ಲ, ಆ ಹಾಡಿನ ಜೀವವೇ ಅದು. ಬದಲಿಗೆ, ಹಿಂದಿನ ಹಾಡಿನಲ್ಲಿ ಕಾರ್ಡ್ ಮುಗಿದು ಡ್ರಮ್ ಮಾತ್ರ ಉಳಿಯುವ ಜಾಗ ಹುಡುಕಿ ಅಲ್ಲಿ ಹಾಟ್ ಕ್ಯೂ (ಗುಂಡಿ ಒತ್ತಿದರೆ ಹಾಡು ನೇರ ಅಲ್ಲಿಗೆ ಹೋಗುವ ಗುರುತು) ಇಟ್ಟೆ.

ಈಗ ಮಾಡುವುದು ಹೀಗೆ. ಹೌಸ್‌ನ ನಾಲ್ಕು ಬಾರ್ ಅಂದರೆ 16 ಬೀಟ್, ತೀನ್ ತಾಲದ ಸರಿಯಾಗಿ ಒಂದು ಆವರ್ತನ. ಡ್ರಮ್ ಮಾತ್ರ ಉಳಿದ ಮೇಲೆ ಎರಡು ಆವರ್ತನ ಎಣಿಸುತ್ತೇನೆ. ಮೊದಲನೆಯದರಲ್ಲಿ ಲೋ, ಅಂದರೆ ಬೇಸ್, ಪೂರ್ತಿ ತೆಗೆದು, ಫಿಲ್ಟರ್ ಬಲಕ್ಕೆ ತಿರುಗಿಸುತ್ತ ಹಾಡನ್ನು ತೆಳ್ಳಗೆ ಮಾಡುತ್ತೇನೆ. ಅದೇ ಹೊತ್ತಿಗೆ ಪ್ಯಾಡ್ ಕೆಳಗಿನಿಂದ ಏರುತ್ತಿರುತ್ತದೆ. ಎರಡನೆಯದು ಮುಗಿದು ಸಮ್ (ಆವರ್ತನದ ಮೊದಲ ಪೆಟ್ಟು) ಬಿದ್ದ ಕೂಡಲೇ ಎಕೋ ಹಾಕಿ ಹಳೆಯ ಫೇಡರ್ ಇಳಿಸಿಬಿಡುತ್ತೇನೆ. ಡ್ರಮ್‌ನೊಳಗಿನ ಚಪ್ಪಾಳೆಯ ಸದ್ದು ನಾಲ್ಕೈದು ಸಲ ಮರುದನಿಸಿ ಕರಗುತ್ತದೆ. ಉಳಿಯುವುದು ಹಾರ್ಮೋನಿಯಂ ಒಂದೇ. ಕುಣಿಯುತ್ತಿದ್ದವರು ನಿಂತು ಉಸಿರು ತಗೊಳ್ಳುತ್ತಾರೆ, ಕೈ ಇನ್ನೂ ಮೇಲಿರುತ್ತದೆ. ಆಗ 108ರ ಕಿಕ್ ಬೀಳುತ್ತದೆ. ಪಿಚ್ ಫೇಡರ್ ಸೊನ್ನೆಯಲ್ಲೇ ಇರುತ್ತದೆ, ಹಾಡು ತನ್ನ ಸ್ವಂತ ವೇಗದಲ್ಲೇ ನಡೆಯುತ್ತದೆ. ಅದಕ್ಕೇ ಸುಸ್ತಾದಂತೆ ಕೇಳುವುದಿಲ್ಲ.

ಲೋ ಬಗ್ಗೆ ಒಂದು ಮಾತು. ತಗಡಿನ ಛಾವಣಿಯ ಹಾಲ್‌ಗಳಲ್ಲಿ ಬೇಸ್ ಗುಂಯ್ ಅನ್ನುತ್ತದೆ. ನಿಧಾನದ ಹಾಡಿನಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಜಾಗ ಹೆಚ್ಚು, ಆ ಗುಂಗು ಅಲ್ಲೆಲ್ಲ ತುಂಬಿಕೊಳ್ಳುತ್ತದೆ. ಅಲ್ಲಿ ಲೋ ಸ್ವಲ್ಪ ಕೆಳಗೆ ಇಡಬೇಕು. ಗೋಕುಲ ರೋಡ್ ಕಡೆಯ ಬಯಲು ಲಾನ್‌ಗಳಲ್ಲಿ 18 ಇಂಚಿನ ಸಬ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇದ್ದರೆ ಈ ಚಿಂತೆ ಇಲ್ಲ. ಟ್ರಿಮ್ ಅನ್ನು, ಅಂದರೆ ಹಾಡಿನ ಮೂಲ ಸದ್ದಿನ ಮಟ್ಟವನ್ನು, ಹೆಡ್‌ಫೋನ್‌ನಲ್ಲಿ ಮೊದಲೇ ಹೊಂದಿಸುತ್ತೇನೆ.

ಇತ್ತೀಚೆಗೆ ಒಂದು ಬದಲಾವಣೆ ಮಾಡಿದ್ದೇನೆ. ಪ್ಯಾಡ್‌ನ ಕೊನೆಯ ನಾಲ್ಕು ಬಾರ್ ಮತ್ತೆ ಮತ್ತೆ ನುಡಿಯುವಂತೆ ಲೂಪ್ ಸಿದ್ಧ ಇರುತ್ತದೆ. ಮಂದಿ ಇನ್ನೂ ಗದ್ದಲದಲ್ಲಿದ್ದರೆ ಲೂಪ್ ಹಾಕಿ ಇನ್ನೊಂದು ಆವರ್ತನ ಕಾಯುತ್ತೇನೆ, ಬೇಕಾದರೆ ಮತ್ತೊಂದು. ಕುರ್ಚಿಯಲ್ಲಿ ಕೂತ ಅಜ್ಜಿಯರು ವೇದಿಕೆಯ ಕಡೆ ಮುಖ ತಿರುಗಿಸಿದರು ಅಂದರೆ ಲೂಪ್ ಬಿಡುತ್ತೇನೆ.